ಹಲ್ಲುನೋವು

ಮುದುಕ ಬೇರಿಕ್ ಚೂರಿಯನ್ನು ಸಾಣೆಕಲ್ಲಿನ ಮೇಲೆ ಇನ್ನೊಮ್ಮೆ ಎಳೆದು, ಹೆಬ್ಬೆರಳಿನಿಂದ ಅಲಗು ಮುಟ್ಟಿ ನೋಡಿ, ಹಿಡಿಯನ್ನು ಮಮಖ್‌ನತ್ತ ಚಾಚಿದ.

"ತಗೋ ಮಗಾ. ಗಂಡಸು ಸತ್ರೆ ನಾವು ಕಣ್ಣೀರು ಹಾಕೋರಲ್ಲ. ಎರಡೂ ಕೆನ್ನೆ ಕುಯ್ಕೋ."

"ಸೇನಾಪತಿ ಹೇಳಿದ್ದು ಕೇಳಿಲ್ವಾ, ದೊಡ್ಡಪ್ಪ? ಇಗರ್ಜಿ ಮುಂದೆ ಮುಖ ಕುಯ್ಕೊಂಡು ನಿಂತೋನನ್ನ ದಳಪತಿ ಮಾಡಲ್ಲ ಅಂದಿದಾನೆ."

"ಕುಯ್ಕೊಳ್ಳದವನ ಹಿಂದೆ ನಮ್ಮೋರಲ್ಲಿ ಒಬ್ಬನೂ ಕುದುರೆ ಹತ್ತಲ್ಲ."

ಹೊರಗೆ ಮುನ್ನೂರು ಹೂಣ ಸವಾರರು ಕೆನ್ನೆ ಕುಯ್ದುಕೊಂಡು ಕಾಯುತ್ತಿದ್ದರು. ತಮ್ಮ ಅರಸನನ್ನು ತೊರೆದು, ಡ್ಯಾನ್ಯೂಬ್ ದಾಟಿ, ರೋಮಿನ ಸೈನ್ಯ ಸೇರಿದವರು. ಅವರನ್ನು ಒಪ್ಪಿಸಿ ಎಂದು ಅರಸನ ದೂತರು ಪ್ರತಿ ವರ್ಷ ಬರುತ್ತಿದ್ದರು. ಒಪ್ಪಿಸಿದರೆ ಅಲ್ಲಿ ಶೂಲ. "ಇವರು ನನ್ನ ದಳ" ಎನ್ನುವ ದಳಪತಿ ಇದ್ದುದರಿಂದ ದೂತರು ಬರಿಗೈಯಲ್ಲಿ ಮರಳುತ್ತಿದ್ದರು. ಆ ದಳಪತಿ, ಮಮಖ್‌ನ ತಂದೆ ಎಸ್ಕರ್, ಈಗ ಇಗರ್ಜಿಯೊಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ.

*

ರೋಮನ್ ಸೇನಾಪತಿಯ ಮನೆಯ ಊಟಕ್ಕೆ ಹೋದಾಗೆಲ್ಲ ಎಸ್ಕರ್ ಎಡಗೆನ್ನೆಯನ್ನು ಗೋಡೆಯ ಕಡೆಗಿಟ್ಟು ಕೂರುತ್ತಿದ್ದ. ಬಲಗೆನ್ನೆಗೆ ಅಂಗೈ ಆನಿಸಿಕೊಂಡು, ಎಡಗೈಯಲ್ಲೇ ಉಣ್ಣುತ್ತಿದ್ದ.

"ಹಲ್ಲುನೋವಾ ಅಪ್ಪಾ?" ಎಂದು ಮಮಖ್ ಒಮ್ಮೆ ಕೇಳಿದ್ದ.

"ಹೂಂ ಕಣೋ. ನಿಮ್ಮಜ್ಜ ಸತ್ತ ದಿನ ಶುರುವಾಗಿದ್ದು." ಎಸ್ಕರ್ ಅಂಗೈ ಸರಿಸಿ ಹಳೆಯ ಗಾಯದ ಗೆರೆ ತೋರಿಸಿದ್ದ. "ಇದು ಕಂಡ್ರೆ ಇವರಿಗೆ ನದಿಯಾಚೆಯವರ ನೆನಪಾಗುತ್ತೆ. ಊಟ ಸೇರಲ್ಲ."

*

ಮಮಖ್ ಚೂರಿಯನ್ನು ಬಲಗೆನ್ನೆಯ ಮೇಲೆ ಎಳೆದು, ಹಿಂದಕ್ಕೆ ಕೊಟ್ಟ.

"ಇನ್ನೊಂದು?"

"ಒಂದೇ. ನಮ್ಮೋರೆಲ್ಲ ದಾರಿಯಲ್ಲಿ ನನ್ನ ಬಲಕ್ಕೆ ನಿಂತಿರಲಿ ದೊಡ್ಡಪ್ಪ, ಎಡಕ್ಕೆ ಒಬ್ಬನೂ ಬೇಡ."

"ಎಡಕ್ಕೆ ಯಾರು?"

"ಸೇನಾಪತಿ."

ಬೇರಿಕ್ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಅಪ್ಪನ ಹಲ್ಲುನೋವು ಮಗನಿಗೂ ಬಂತು ಅನ್ನು! ಎಷ್ಟು ದಿನ ಹೀಗೆ?"

"ಇವತ್ತೊಂದು ಕಳೀಲಿ."

ಇಗರ್ಜಿಗೆ ಬೆನ್ನು ಮಾಡಿ ಮಮಖ್ ದಾರಿಯ ನಡುವೆ ನಿಂತ. ಬಲಗಡೆ ಸವಾರರು ಅವನ ಕೆನ್ನೆಯ ರಕ್ತ ನೋಡಿ ಒಬ್ಬೊಬ್ಬರಾಗಿ ತಲೆ ಬಾಗಿಸಿದರು. ಎಡಗಡೆ ಸೇನಾಪತಿ ಅವನ ನುಣುಪು ಕೆನ್ನೆ ನೋಡಿ ಗುಮಾಸ್ತನಿಂದ ಏನೋ ಬರೆಸಿದ. ಹಿಂದೆ ಪೆಟ್ಟಿಗೆಯನ್ನು ಹೊರತಂದು ಇಳಿಸಿದ ಸದ್ದಾಯಿತು.

"ಬಾ ಮಗು," ಪಾದ್ರಿ ಕರೆದ. "ಮುಚ್ಚೋ ಮುಂಚೆ ತಂದೆಯ ಮುಖ ನೋಡು."

ತಿರುಗಿದರೆ ಕೆನ್ನೆಗಳು ಅದಲುಬದಲಾಗುತ್ತಿದ್ದವು.

"ಮಗು?"

ಗದ್ದಕ್ಕಿಳಿದ ರಕ್ತ ಎಡಕ್ಕೆ ಹರಿಯದಂತೆ ತಲೆಯನ್ನು ತುಸು ಬಲಕ್ಕೆ ವಾಲಿಸಿ, ಮಮಖ್ ಎದುರಿನ ಖಾಲಿ ದಾರಿಯನ್ನೇ ನೋಡುತ್ತ ನಿಂತ. ಬೆನ್ನ ಹಿಂದೆ ಪೆಟ್ಟಿಗೆಗೆ ಮೊಳೆ ಹೊಡೆಯತೊಡಗಿದರು.