ನಾಲಿಗೆಗೆ ಸಿಗದ ಜಾಗ

ನಮ್ಮ ಮನೆಗೆ ಬಂದಂಥ ಚಿಗಟಗಳು ಭೂಮಿಯ ಮೇಲೆ ಮತ್ತೆಲ್ಲೂ ಹುಟ್ಟಿಲ್ಲ. ಒಂದೊಂದೂ ಬಟಾಣಿ ಗಾತ್ರ. ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದ ಅಣ್ಣನನ್ನು ಅವು ಬಾಗಿಲವರೆಗೂ ಹೊತ್ತುಕೊಂಡು ಹೋಗಿ, ಭಾರ ತಾಳಲಾರದೆ ಅಲ್ಲೇ ಇಳಿಸಿದ್ದವು. ಬಸ್ ಓಡಿಸುವ ಅಣ್ಣ ಇದನ್ನು ಒಪ್ಪುವುದಿಲ್ಲ. ನಿದ್ದೆಯಲ್ಲಿದ್ದವನ ಸಾಕ್ಷಿಗೆ ಏನು ಬೆಲೆ?

ಚಿಗಟಗಳನ್ನು ಕರೆತಂದವಳು ನಮ್ಮ ಬೆಕ್ಕು, ದೊರೆಸಾನಿ. ಹೆದರಿದವಳು ಅತ್ತಿಗೆ. ಅವಳು ಸಾಕಿದ ಮೊಲವೊಂದಿತ್ತು, ಉಂಡೆ ಅಂತ. ಮನೆಯಲ್ಲೇ ಬಟ್ಟೆ ಹೊಲಿಯುವ ಅತ್ತಿಗೆ ದಿನವಿಡೀ ಮಿಷನ್ನಿನ ಕೆಳಗೆ ಕೂತ ಉಂಡೆಯ ಜೊತೆ ಮಾತಾಡುತ್ತಿದ್ದಳು. ಅಣ್ಣನ ಪಾಲಿಗೆ ಉಳಿಯುತ್ತಿದ್ದದ್ದು ಹೂಂ, ಉಹೂಂ ಅಷ್ಟೇ. ಅಳತೆ ತಪ್ಪಿದ ಅಂಗಿಯನ್ನು ಆ ಮೊಲ ಮೂಸಿಯೇ ಕಂಡುಹಿಡಿಯುತ್ತದೆಂದು ನಾನು ಬೀದಿಗೆಲ್ಲ ಸಾರಿದ್ದೆ.

“ಇದಕ್ಕೇನಾದ್ರೂ ಚಿಗಟ ಹತ್ತಿದ್ರೆ ಗತಿ ಏನೋ? ಇರೋದೇ ಅಂಗೈಯಷ್ಟು,” ಎಂದಳು ಅತ್ತಿಗೆ.

ಪ್ರಾಣಿಗಳ ಡಾಕ್ಟರಮ್ಮ ಬೆಕ್ಕಿಗೆ ಹನಿಮದ್ದು ಕೊಟ್ಟರು. “ಮೊಲಕ್ಕೆ ಮಾತ್ರ ಹಾಕಬೇಡಿ, ಅದಕ್ಕೆ ಇದು ವಿಷ. ಬೆಕ್ಕಿಗೆ ಕತ್ತಿನ ಹಿಂದೆ ಹಾಕಿ. ಅದರ ನಾಲಿಗೆಗೆ ಸಿಗದ ಜಾಗ.”

ವಿಷವೆಂದು ಕೇಳಿದ ಮೇಲೆ ಅತ್ತಿಗೆ ವಹಿಸಿದ ಎಚ್ಚರವನ್ನು ಯಾವ ಕೋಟೆಯ ಕಾವಲಿನವನೂ ವಹಿಸಿರಲಾರ. ಉಂಡೆಯನ್ನು ಒಳಕೋಣೆಯಲ್ಲಿಟ್ಟು ಬಾಗಿಲು ಹಾಕಿದಳು. ಅಂಗಳದಲ್ಲಿ ದೊರೆಸಾನಿಯ ಕತ್ತಿನ ಕೂದಲು ಬಿಡಿಸಿ ಮದ್ದು ಹಾಕಿದಳು. ಚರ್ಮ ಸುಲಿಯುವಷ್ಟು ಕೈ ತೊಳೆದಳು, ಉಟ್ಟ ಬಟ್ಟೆ ಬದಲಿಸಿದಳು. ಕೂದಲು ಒಣಗಿದ ಮೇಲೆಯೇ ಒಳಕೋಣೆಯ ಬಾಗಿಲು ತೆಗೆದದ್ದು. ಆಮೇಲೆ ಉಂಡೆಯ ಮೈಯನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಒಂದೂ ಚಿಗಟವಿಲ್ಲವೆಂದು ರಾಜ್ಯ ಗೆದ್ದವಳಂತೆ ನಕ್ಕಳು.

ಮರುದಿನ ಸಂಜೆ ಉಂಡೆ ಸೊಪ್ಪು ಮುಟ್ಟಲಿಲ್ಲ. ನೋಡುತ್ತಿದ್ದಂತೆ ಮೈ ಅದುರತೊಡಗಿತು. ಅತ್ತಿಗೆಯನ್ನು ಹಿಂದೆ ಕೂರಿಸಿಕೊಂಡು ನಾನು ಸ್ಕೂಟರನ್ನು ವಿಮಾನಗಳಿಗೆ ನಾಚಿಕೆಯಾಗುವಂತೆ ಓಡಿಸಿದೆ.

“ಮದ್ದು ಇದಕ್ಕೆ ತಾಕಿತಾ?” ಡಾಕ್ಟರಮ್ಮ ಕೇಳಿದರು.

“ಇಲ್ಲ ಮೇಡಂ, ನನ್ನಾಣೆ. ಬೇಕಾದ್ರೆ ನನ್ನ ಮೈದುನನ್ನೇ ಕೇಳಿ.”

ನನ್ನ ಕಡೆ ತಿರುಗಿದ ಅತ್ತಿಗೆ ತಟ್ಟನೆ ಮಡಿಲಲ್ಲಿದ್ದ ಉಂಡೆಯನ್ನು ನೋಡಿದಳು.

“ಅದು ಬೆಕ್ಕಿನ ಕತ್ತು ನೆಕ್ಕುತ್ತೆ,” ಎಂದಳು. “ದಿನಾ. ನಾನು ಊಟಕ್ಕೆ ಎದ್ದ ಕೂಡ್ಲೆ ದೊರೆಸಾನಿ ಬಂದು ತಲೆ ಬಗ್ಗಿಸಿ ಮಲಗ್ತಾಳೆ. ಇದು ನೆಕ್ಕಿ ಕೊಡುತ್ತೆ.”

ಮನೆಯ ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತ ನಾನೂ ಅದನ್ನು ದಿನಾ ನೋಡಿ ನಗುತ್ತಿದ್ದೆ. ಬೆಕ್ಕಿನ ನಾಲಿಗೆಗೆ ಸಿಗದ ಜಾಗಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ನಾಲಿಗೆಯಿತ್ತು.

“ಎರಡೂ ಒಟ್ಟಿಗೆ ಇರುತ್ವಾ ಅಂತ ನಾನು ಕೇಳಬೇಕಿತ್ತು,” ಎಂದರು ಡಾಕ್ಟರಮ್ಮ. ಇಂಜೆಕ್ಷನ್ ಕೊಟ್ಟರು, ಬೆಚ್ಚನೆಯ ಬಟ್ಟೆ ಸುತ್ತಿದರು. ಅತ್ತಿಗೆ ಅದರ ಕಿವಿಯ ಹತ್ತಿರ ಬಾಗಿ, ಹೊಲಿಯುವಾಗ ಹೇಳುವಂತೆಯೇ ಏನೇನೋ ಹೇಳುತ್ತಿದ್ದಳು. ಉಂಡೆ ಅವಳ ಮಡಿಲಲ್ಲಿ ಕಾಲು ಝಾಡಿಸಿ ಸುಮ್ಮನಾಯಿತು. ಅವಳು ಸ್ವಲ್ಪ ಹೊತ್ತು ಹೇಳುತ್ತಲೇ ಇದ್ದಳು.

ಹಿತ್ತಲಲ್ಲಿ ಮಣ್ಣು ಮಾಡಿ ಬಂದವಳು ಕೈಯನ್ನೂ ತೊಳೆಯದೆ ದೊರೆಸಾನಿಯನ್ನು ಬಚ್ಚಲಿಗೆ ಎತ್ತಿಕೊಂಡು ಹೋದಳು. ಕತ್ತಿಗೆ ಸೋಪು ಹಚ್ಚಿ ತೊಳೆದಳು. ಮತ್ತೆ ಹಚ್ಚಿದಳು, ಮತ್ತೆ ತೊಳೆದಳು. ನೀರು ಕಂಡರೆ ಗೋಡೆ ಹತ್ತುವ ಬೆಕ್ಕು ತಲೆ ಬಗ್ಗಿಸಿಕೊಂಡು ಸುಮ್ಮನೆ ಕೂತಿತ್ತು.

“ಸಾಕು ಬಿಡೇ, ಅದಕ್ಕೆ ಚಳಿಯಾಗುತ್ತೆ,” ಎಂದ ಬಾಗಿಲಲ್ಲಿ ನಿಂತ ಅಣ್ಣ. “ಇನ್ಯಾರು ನೆಕ್ಕಬೇಕು ಅದನ್ನ?”

“ಇನ್ನೂ ವಾಸನೆ ಇದೆ ರೀ,” ಎಂದಳು ಅತ್ತಿಗೆ. “ಬಿಸಿನೀರು ತನ್ನಿ.”

ಅಣ್ಣ ತಂದುಕೊಟ್ಟ.