ನಡುವೆ ನುಗ್ಗಿದವನು

ಮೇಷ್ಟ್ರ ಮಗಳ ಮಾತು ನಿಂತದ್ದೇ ತಡ, ಹಾಸ್ಯತಂಡದ ಚಟಾಕಿ ಎದ್ದು ಶವಪೆಟ್ಟಿಗೆಯ ಪಕ್ಕ ಹೋಗಿ ನಿಂತುಬಿಟ್ಟಿದ್ದ. "ಅಪ್ಪ ಮನೇಲಿ..." ಎಂದು ಶುರುಮಾಡಿದ ಆಕೆ ನೆಲ ನೋಡುತ್ತಿದ್ದಳು. ಇವನು ಬಿಡಬೇಕಲ್ಲ.

"ಮನೇಲೂ ಅಷ್ಟೇ. ಹೆಂಡ್ತಿ 'ಉಪ್ಪು ಸರಿ ಇದ್ಯಾ' ಅಂದ್ರೆ, 'ಉಪ್ಪು ಆಮೇಲೆ, ತಟ್ಟೆ ಇಡುವಾಗ ನನ್ ಮುಖ ನೋಡಿದ್ಯಾ' ಅಂತಿದ್ರು." ಸತ್ತ ಮೇಷ್ಟ್ರ ಮೂಗುದನಿಯಲ್ಲೇ ಅಂದ. ಸಭೆ ಗೊಳ್ಳೆಂದಿತು. ಇನ್ನೊಂದು ಬಿಟ್ಟ, ಮತ್ತೊಂದು ಬಿಟ್ಟ. ತಿರುಗಿ ನೋಡಿದರೆ ಮಗಳು ಅಲ್ಲಿರಲಿಲ್ಲ.

"ಒಳ್ಳೆ ಆಟ ಕಟ್ದೆ, ಹೆಣದ ಮುಂದೆ," ಎಂದ ತಂಡದ ಗುಂಡ.

"ಅವ್ಳು ಸಿಕ್ಕಾಕ್ಕೊಂಡಿದ್ಲು ಕಣೋ. ಅದಕ್ಕೇ ನಾನು ಆಟ ಎತ್ತಿದೆ."

"ಸಿಕ್ಕಾಕ್ಕೊಂಡಿರ್ಲಿಲ್ಲ. ಅಳ್ತಿದ್ಲು."

*

ಬರೆದ ಮಾತಿಲ್ಲದೆ, ನಿಂತ ನಿಲುವಿನಲ್ಲೇ ಕಟ್ಟುವ ಹಾಸ್ಯ ಅವರದು. ಒಬ್ಬ ತಡವರಿಸಿದರೆ ಇನ್ನೊಬ್ಬ ನುಗ್ಗಿ ಆಟ ಎತ್ತಬೇಕು. ಹಗಲೆಲ್ಲ ಲಾರಿ ಟೈರು ಬಿಚ್ಚುತ್ತಿದ್ದ ಮೇಷ್ಟ್ರು ಸಂಜೆ ಗ್ಯಾರೇಜಿನ ಹಿಂದೆ ಇದನ್ನು ಕಲಿಸುತ್ತಿದ್ದರು. ಚೆನ್ನಾಗಿತ್ತು, ಕೆಟ್ಟದಾಗಿತ್ತು ಎಂದವರೇ ಅಲ್ಲ. ಆಟ ಮುಗಿದ ಮೇಲೆ ಒಬ್ಬೊಬ್ಬರಿಗೂ ನಾಳೆ ಮಾಡಬಹುದಾದ ಒಂದೇ ಕೆಲಸ ಹೇಳುತ್ತಿದ್ದರು. ಚಟಾಕಿಗೆ ಮಾತ್ರ ವರ್ಷಗಟ್ಟಲೆ ಅದೇ ಕೆಲಸ:

"ನುಗ್ಗೋಕೆ ಮುಂಚೆ ಒಂದುಸಿರು ತಡಿ. ಅವ್ರು ಕರೀತಿದಾರಾ, ಸುಮ್ನಿದಾರಾ, ನೋಡು."

"ಅಷ್ಟರಲ್ಲಿ ಜನ ಎದ್ದು ಹೋಗ್ತಾರೆ ಮೇಷ್ಟ್ರೇ."

"ಹೋಗ್ಲಿ ಬಿಡು. ನಿನ್ ಜೊತೆ ಆಡೋನು ಹೋಗ್ದಿದ್ರೆ ಸಾಕು."

ಮುದುಕನಿಗೆ ಹೊಟ್ಟೆಕಿಚ್ಚು ಎಂದುಕೊಂಡಿದ್ದ ಚಟಾಕಿ.

*

ಜನ ಕರಗಿದ್ದರು. ಪೆಟ್ಟಿಗೆ ಒಯ್ಯಲು ಬಂದ ವ್ಯಾನಿನವನು ಬಾಗಿಲಲ್ಲಿ ನಿಂತಿದ್ದ. ಮಗಳು ಮತ್ತೆ ಒಳಗೆ ಬಂದು ಪೆಟ್ಟಿಗೆಯ ಪಕ್ಕ ಒಬ್ಬಳೇ ಕೂತಿದ್ದಳು. ಚಟಾಕಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಅಕ್ಕಾ, ನೀವೇನೋ ಹೇಳ್ತಿದ್ರಿ. ನಾನು ಕಿತ್ಕೊಂಡೆ."

"ಆ ಉಪ್ಪಿನ ಕತೆ ಎಲ್ಲಿಂದ ತಂದೆ?"

"ಕಟ್ಟಿದ್ದು."

"ಗೊತ್ತಾಯ್ತು. ಅಪ್ಪ ಮನೇಲಿ ಬಾಯೇ ಬಿಡ್ತಿರ್ಲಿಲ್ಲ. ಮಾತೆಲ್ಲ ನಿಮಗೇ ಖರ್ಚು. ನಂಗೆ ಹೀಗ್ ಮಾಡು ಅಂತ ಒಂದಿನಾನೂ ಹೇಳ್ಲಿಲ್ಲ. ಅದನ್ನೇ ಹೇಳೋಕ್ ನಿಂತಿದ್ದೆ. ನೀನು ಎಲ್ಲಾರ್ನೂ ನಗಿಸಿ ಕಳಿಸ್ದೆ."

ನಾಲಿಗೆ ತುದಿಗೆ ಹತ್ತು ಸಮಾಧಾನ ಬಂದವು, ಹತ್ತೂ ಜನ ಮೆಚ್ಚುವಂಥವೇ. ಚಟಾಕಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕುರ್ಚಿ ಎಳೆದು ಕೂತ.

"ಇನ್ನೂ ಒಂದಿದೆ," ಎಂದಳು. ಆಮೇಲೆ ಮಾತು ಹೊರಡಲಿಲ್ಲ. ವ್ಯಾನಿನವನು ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಚಟಾಕಿ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು, ತುಟಿ ಕಚ್ಚಿ, ಕೂತೇ ಇದ್ದ.