ಬತ್ತೀನಿ ಅಂದದ್ದು

ಕಿಟಕಿಯ ಕಂಬಿ ಸುಡುತ್ತಿದೆ, ಆದರೂ ಪ್ರೇಮಕುಮಾರಿ ಕೈ ತೆಗೆದಿಲ್ಲ, ಅರಕಲಗೂಡಿನ ಬಸ್ಸು ಹಾಸನದ ನಿಲ್ದಾಣ ಬಿಟ್ಟು ತಿರುಗಿಕೊಂಡಿದೆ, ಪಕ್ಕದ ಹೆಂಗಸಿನ ಚೀಲದಿಂದ ಹಸಿಶುಂಠಿಯ ಘಾಟು — ಗಂಡ ದೇವರಾಜುವಿಗೆ ಶುಂಠಿ ಕಾಫಿ ಎಂದರೆ ಪ್ರಾಣ, ಇನ್ನು ಯಾರು ಕಾಸಿಕೊಟ್ಟರೆ ಇವಳಿಗೇನು, ಮುಗಿಯಿತಲ್ಲ, ಕೋರ್ಟಿನ ಆಪ್ತಸಲಹೆಯ ಮೇಡಂ ಎದುರಿಗೇ ಮುಗಿಯಿತು, ಮೂರು ಸಲ ಕರೆಸಿ ಕೂರಿಸಿದ ಆಯಮ್ಮ, ಇದೇ ಕೊನೆ, ಒಟ್ಟಿಗೆ ಬಾಳ್ತೀರೋ ಇಲ್ಲವೋ ಇವತ್ತು ಹೇಳಿಬಿಡಿ ಎಂದಾಗ ದೇವರಾಜು ಮೇಜಿನ ಗಾಜನ್ನೇ ನೋಡುತ್ತ, ಅವ್ಳು ಎಂಗೆ ಯೋಳ್ತಾಳೋ ಅಂಗೆ ಮೇಡಂ, ಎಂದ. ಬಾ ಮನೆಗೆ, ಅದೊಂದು ಮಾತು ಸಾಕಿತ್ತು, ಅದಕ್ಕೇ ಬೆಳಗಿನಿಂದ ಕಾದಿದ್ದಳು, ಹೊಸ ರವಿಕೆ ಕೂಡ ತೊಟ್ಟು ಬಂದಿದ್ದಳು ನಾಚಿಕೆಗೆಟ್ಟವಳು, ಕೊನೆಗೆ, ಬ್ಯಾಡ ಬುಡಿ ಮೇಡಂ, ಎಂದವಳೂ ಇವಳೇ. ಮಾತು ಬೆಳ್ಳಿ ಮೌನ ಬಂಗಾರವಂತೆ, ಆ ಬಂಗಾರವನ್ನು ಕಟ್ಟಿಕೊಂಡು ಹೊಳೆನರಸೀಪುರದಲ್ಲಿ ಒಂಬತ್ತು ವರ್ಷ ಬಾಳಿದವಳಿಗೆ ಗೊತ್ತು ಅದರ ತೂಕ — ಗಾರ್ಮೆಂಟ್ಸಿಗೆ ಸೇರುತ್ತೇನೆ ಎಂದಾಗ ಅತ್ತೆ ದೊಡ್ಡತಾಯಮ್ಮ, ನಮ್ಮನೆ ಸೊಸೇರು ಪ್ಯಾಕ್ಟ್ರಿ ವ್ಯಾನ್ ಅತ್ತಾಕಿಲ್ಲ ಕಣವ್ವ, ಅಂದರೆ ಮಗ ಅಲ್ಲೇ ಬೈಕ್ ಒರೆಸುತ್ತಿದ್ದ, ಹೌದು ಅನ್ನಲಿಲ್ಲ ಇಲ್ಲ ಅನ್ನಲಿಲ್ಲ, ಇವಳು ಸೇರಿದಳು, ಮಾತಿಗೆ ಮಾತು ಬೆಳೆಯಿತು, ಅರಕಲಗೂಡಿನ ತವರಿಗೆ ಬಂದಳು, ಎರಡು ವರ್ಷ, ಅವನು ಕರೆಯಲು ಬರಲಿಲ್ಲ, ಬಂದಿದ್ದರೆ, ಹಾಳಾದ್ದು, ಬಾಗಿಲಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದಳು.

ಆಧಾರ್ ತೋರ್ಸಮ್ಮ, ಎಲ್ಲಿಗೆ, ಅರಕಲಗೂಡು — ಕಾರ್ಡಿನಲ್ಲಿ ಇವಳ ಹೆಸರಿನ ಕೆಳಗೆ ಇನ್ನೂ ಕೋಂ ದೇವರಾಜು, ಕಂಡಕ್ಟರ್ ಸರಿಯಾಗಿ ನೋಡಲೂ ಇಲ್ಲ. ನಿಲ್ದಾಣದ ತನಕ ಇಬ್ಬರೂ ಒಟ್ಟಿಗೇ ನಡೆದರು, ಅವನು ರಸ್ತೆಯ ಕಡೆ, ಇವಳು ಒಳಗಡೆ, ಮದುವೆಯಾದಂದಿನಿಂದ ಹಾಗೇ. ಹೊಳೆನರಸೀಪುರದ ಬಸ್ಸು ಹೊರಟು ನಿಂತಿತ್ತು, ಅವನು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ತಿರುಗಿ, ಬತ್ತೀನಿ, ಎಂದ. ಎಲ್ಲಿಗೆ ಬರುತ್ತಾನೆ, ಬೇರೆಯಾಗುವ ಕಾಗದಕ್ಕೆ ಸಹಿ ಹಾಕಿ ಬಂದವನು. ಆದರೆ ಓಯ್ತೀನಿ ಅನ್ನಬಾರದು, ಅಪಶಕುನ, ಮರಳಿ ಬಾರದವನೂ ಬತ್ತೀನಿ ಎಂದೇ ಹೋಗಬೇಕು ನಮ್ಮ ಕಡೆ. ಊಂ, ಬನ್ನಿ, ಎಂದಿತು ಇವಳ ಬಾಯಿ, ರೂಢಿಬಿದ್ದ ಬಾಯಿ, ಎಂದವಳು ಅತ್ತ ತಿರುಗಿ ತನ್ನ ಬಸ್ಸು ಹುಡುಕಿದಳು — ತಿರುಗುವಾಗ ಕಣ್ಣಂಚಿಗೆ ಬಿದ್ದದ್ದೇನು, ಮೆಟ್ಟಿಲ ಮೇಲಿದ್ದ ಆ ಕಾಲು ಕೆಳಗಿಳಿಯಿತಲ್ಲವೇ, ಬನ್ನಿ ಎಂದದ್ದನ್ನು ಬನ್ನಿ ಎಂದೇ ಕೇಳಿಸಿಕೊಂಡನೇ ಪಾಪಿ, ಬಸ್ ಅತ್ತೋದಾದ್ರೆ ಅತ್ತಪ್ಪ ಇಲ್ದಿದ್ರೆ ದಾರಿ ಬುಡು ಎಂದು ಹಿಂದೆ ಆ ಬಸ್ಸಿನ ಕಂಡಕ್ಟರ್ ಗದರಿದ್ದು ಅವನನ್ನೇ, ಇವಳು ತಿರುಗಿ ನೋಡಲಿಲ್ಲ, ಒಂದು ಸಲ ನೋಡಿದ್ದರೆ, ನೆಲಕ್ಕಿಳಿದಿತ್ತು ಆ ಕಾಲು, ಇವಳ ಕಡೆಗೇ, ನೆಲಕ್ಕೆ, ಆ ಕಾಲು —